ಗುನ್ವೋರಳ ಮೇಜಿನ ಹದಿಮೂರನೆಯ ಲೆಫ್ಸೆ

“ಒಳ್ಳೇದೇ ಆಯ್ತಲ್ಲ” ಎಂದುಬಿಟ್ಟಳು ಗುನ್ವೋರ್. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಅಷ್ಟರಲ್ಲಿ ಬೇಲಿ ದಾಟಿ ಅರ್ನ್‌ಫಿನ್‌ನ ಕಿವಿ ಸೇರಿತ್ತು.

ಅರ್ನ್‌ಫಿನ್ ಕೆರೆಯ ಆಚೆ ದಡದ ಮೇಕೆಗಾರ. ಮದುವೆಯನ್ನು ಮುಂದಿನ ವರ್ಷಕ್ಕೆ ಹಾಕುತ್ತ ಹಾಕುತ್ತ ಅರವತ್ತೆರಡು ದಾಟಿದವನು. ಆ ಗುರುವಾರ ದೋಣಿಯಲ್ಲಿ ಬಂದು, ಬೇಲಿಗೆ ಮೊಣಕೈ ಊರಿ, ಮಳೆ ಬಿಸಿಲಿನ ವಿಚಾರ ಕಾಲು ಗಂಟೆ ಮಾತಾಡಿ, ಹೊರಡುವ ಹೊತ್ತಿಗೆ ಬೂಟಿನ ತುದಿ ನೋಡುತ್ತ ಸುದ್ದಿ ಹೇಳಿದ್ದ. ಪೇಟೆಯ ಕಡೆ ಹಳೆಯ ಮರದ ಮನೆಗಳನ್ನೆಲ್ಲ ತಂದು ನಿಲ್ಲಿಸಿದ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿಂದ ಅವನಿಗೆ ಕೆಲಸಕ್ಕೆ ಕರೆ ಬಂದಿದೆ. ಮೊಣಕಾಲುದ್ದದ ಚಲ್ಲಣ, ಬೆಳ್ಳಿ ಗುಂಡಿಯ ಅಂಗಿ ತೊಟ್ಟು, ಬಂದವರ ಮುಂದೆ ಕೊಪ್ಪರಿಗೆಯಲ್ಲಿ ಮೇಕೆ ಹಾಲಿನ ಕಂದು ಚೀಸು ಕಾಯಿಸಿ ತೋರಿಸಬೇಕು. ವರ್ಷವಿಡೀ ಕೆಲಸ, ಇರುವುದಕ್ಕೊಂದು ಕೋಣೆ. ಒಪ್ಪಿಗೆಯೋ ಇಲ್ಲವೋ ಎನ್ನುವುದನ್ನು ಶನಿವಾರ ಸಂಜೆ ಆರರೊಳಗೆ ಫೋನ್ ಮಾಡಿ ತಿಳಿಸಬೇಕು.

“ಇಲ್ಲಿ ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ” ಎಂದಿದ್ದ ಅರ್ನ್‌ಫಿನ್. “ಮೇಕೆಗಳ್ನ ಅಣ್ಣನ ಮಗ ನೋಡ್ಕೋತಾನಂತೆ.”

ಅದಕ್ಕೆ ಇವಳು ಕೊಟ್ಟ ಉತ್ತರವೇ ಆ “ಒಳ್ಳೇದೇ ಆಯ್ತಲ್ಲ.” ಹೇಳಬೇಕಾಗಿದ್ದದ್ದು “ಹೋಗಬೇಡ” ಎಂದು. ಅದು ಇನ್ನೂ ಚಿಕ್ಕ ಮಾತು. ಆದರೆ ಈ ವಾಲ್ಡ್ರೆಸ್ ಸೀಮೆಯಲ್ಲಿ ಒಬ್ಬರನ್ನು ಹೋಗಬೇಡ ಎನ್ನುವುದು ಅವರ ಜೇಬಿಗೆ ಕೈ ಹಾಕಿದಂತೆ. ಅವರ ಕಾಲು, ಅವರ ದಾರಿ, ನಡುವೆ ನಿನ್ನದೇನು? ಗುನ್ವೋರಳಿಗೆ ಅವನು ಬೇಕಾಗಿದ್ದ. ಆರು ಬೇಸಿಗೆಗಳಿಂದ ಬೇಕಾಗಿದ್ದ. ಇದನ್ನು ಸುತ್ತಿ ಬಳಸಿ ಹೇಳುವ ಕಷ್ಟ ಅವಳದು, ನಮಗೇನೂ ಇಲ್ಲ.

ಅವಳ ಕಷ್ಟ ಇಂದು ನಿನ್ನೆಯದಲ್ಲ. ಮೂವತ್ತೊಂದು ವರ್ಷ ಅವಳು ಈ ಕಣಿವೆಯ ಅಂಚೆಯವಳಾಗಿದ್ದಳು. ಯಾರ ಮಗಳು ಕಾಗದ ಬರೆಯುವುದಿಲ್ಲ, ಯಾರಿಗೆ ಹಲ್ಲಿನ ಡಾಕ್ಟರ ಬಿಲ್ಲು ಬಂತು, ಯಾವ ಮುದುಕ ಕೂದಲು ಬೆಳೆಸುವ ಎಣ್ಣೆ ಗುಟ್ಟಾಗಿ ತರಿಸುತ್ತಾನೆ, ಎಲ್ಲ ಅವಳಿಗೆ ಗೊತ್ತು. ಆದರೆ ಒಂದು ಮನೆಯ ಅಡುಗೆಕೋಣೆಯನ್ನೂ ಒಳಹೊಕ್ಕು ಕಂಡವಳಲ್ಲ. ಕರೆಯುತ್ತಿರಲಿಲ್ಲವೆಂದಲ್ಲ. “ಬಾಮ್ಮ, ಒಂದು ಲೋಟ ಕಾಫಿ ಕುಡ್ಕೊಂಡ್ ಹೋಗು” ಎನ್ನುತ್ತಿದ್ದರು. “ಬೇಡ, ನಿಮಗ್ಯಾಕೆ ತೊಂದ್ರೆ” ಎನ್ನುತ್ತಿದ್ದಳು. ಇನ್ನೊಮ್ಮೆ ಕರೆಯುತ್ತಿದ್ದರು. ಇನ್ನೊಮ್ಮೆ ಬೇಡ ಎನ್ನುತ್ತಿದ್ದಳು. ಮೂರನೆಯ ಸಲ ಕರೆದರೆ ಹೋಗೋಣವೆಂದು ಕಾರಿನ ಬಾಗಿಲು ಅರ್ಧ ತೆರೆದು ಕೂತಿರುತ್ತಿದ್ದಳು. ಮೂರನೆಯ ಸಲ ಕರೆದರೆ ಒತ್ತಾಯವಾಗುತ್ತದೆಂದು ಅವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೀಗೆ ಎರಡಕ್ಕೂ ಮೂರಕ್ಕೂ ನಡುವೆ ಮೂವತ್ತೊಂದು ವರ್ಷದ ಕಾಫಿ ಆರಿ ತಣ್ಣಗಾಯಿತು.

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳ ಅಂಚೆಯ ಕೆಲಸ ಮುಗಿಯಿತು. ಅದೇ ವಸಂತದಲ್ಲಿ ಅವಳ ಸೋದರತ್ತೆ ಅಂಬ್ಯೋರ್ ತೀರಿಕೊಂಡು, ಬೆಟ್ಟದ ಮೇಲಿನ ತನ್ನ ಬೇಸಿಗೆಮನೆಯನ್ನು ಇವಳ ಹೆಸರಿಗೆ ಬಿಟ್ಟುಹೋಗಿದ್ದಳು. ಹಿಮ ಕರಗಿದ ಮೇಲೆ ದನ ಮೇಕೆಗಳನ್ನು ಹೊಡೆದುಕೊಂಡು ಹೋಗಿ, ಮತ್ತೆ ಹಿಮ ಬೀಳುವತನಕ ಹಾಲು ಕರೆದು ಬೆಣ್ಣೆ ಚೀಸು ಮಾಡಿಕೊಂಡಿರುವ ಮನೆ ಅದು. ಮನೆಯ ಜೊತೆಗೆ ಆರು ಮೇಕೆ, ಎರಡು ಹಸು, ಮಂಚ ನಾಲ್ಕು, ಗಾಡಿಯ ಗಾಲಿಯಷ್ಟು ಅಗಲದ ಒಂದು ಕಾವಲಿ. ಬಂದವರಿಗೆ ಊಟ ಹಾಸಿಗೆ ಕೊಡುವ ವಾಡಿಕೆಯನ್ನು ಅತ್ತೆಯೇ ಹಾಕಿಟ್ಟಿದ್ದಳು. ಆ ಬೇಸಿಗೆಗೆ ಮೂರು ಕುಟುಂಬಗಳು ಮೊದಲೇ ಹೇಳಿಯೂ ಇಟ್ಟಿದ್ದವು. ಬರಬೇಡಿ ಎಂದು ಅವರಿಗೆ ಹೇಳುವ ಧೈರ್ಯ ಸಾಲದೆ ಗುನ್ವೋರ್ ಅತಿಥಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬಿದ್ದಳು. ಇದಕ್ಕಿಂತ ದೊಡ್ಡ ಕಾರಣವನ್ನು ಯಾರೂ ಹುಡುಕಬೇಕಾಗಿಲ್ಲ.

ಮೊದಲು ಬಂದವರು ಡೆನ್ಮಾರ್ಕಿನ ಗಂಡ ಹೆಂಡತಿ. ಅವರಿಗೆ ಹುಳಿ ಕೆನೆಯ ಗಂಜಿ, ಒಣಗಿಸಿದ ಕುರಿಮಾಂಸ, ಗರಿಗರಿ ರೊಟ್ಟಿ ಎಲ್ಲ ಮೇಜಿನ ಮೇಲೆ ಜೋಡಿಸಿಟ್ಟು, ಪಾಪ ನೆಮ್ಮದಿಯಾಗಿ ಉಣ್ಣಲಿ ಎಂದು ಗುನ್ವೋರ್ ಹೋಗಿ ಮೇಕೆ ಕೊಟ್ಟಿಗೆಯಲ್ಲಿ ಕೂತಳು. ಬೆಳಗಿನ ತಿಂಡಿಗೂ ಹಾಗೇ. ಮಧ್ಯಾಹ್ನಕ್ಕೂ ಹಾಗೇ. ಎರಡು ದಿನ ಕಳೆದು ಅವರು ತಟ್ಟೆ ತೊಳೆದು, ಹಾಸಿಗೆ ಮಡಿಸಿ, ಮೇಜಿನ ಮೇಲೆ ಚೀಟಿ ಇಟ್ಟು ಹೋದರು: “ಊಟ ಬಹಳ ಚೆನ್ನಾಗಿತ್ತು. ಮನೆಯೊಡತಿಯನ್ನು ಕಾಣುವ ಭಾಗ್ಯ ಸಿಗಲಿಲ್ಲ, ಅವರು ಕ್ಷೇಮವೆಂದು ನಂಬಿದ್ದೇವೆ.” ಆ ಚೀಟಿಯನ್ನು ಕಪ್ಪು ಕೊಂಬಿನ ಮೇಕೆಯೊಂದು ತಿಂದುಹಾಕಿತು. ಕಾಗದ ಕಂಡರೆ ಬಿಡದ ಆ ಮೇಕೆಗೆ ಗುನ್ವೋರ್ ಇಟ್ಟ ಹೆಸರು ಪೋಸ್ಟ್‌ಮಾಸ್ಟರ್.

ಅರ್ನ್‌ಫಿನ್ ಬಂದದ್ದು ಅದಾದ ಮೇಲಿನ ಶನಿವಾರ. ತಪ್ಪಿಸಿಕೊಂಡ ಮೇಕೆ ಹುಡುಕುತ್ತ ಬಂದ. ಒಳಗೆ ಎರಡನೆಯ ಕುಟುಂಬ ಊಟಕ್ಕೆ ಕೂತಿತ್ತು. ಮನೆಯೊಡತಿ ಕೊಟ್ಟಿಗೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಳು. ಅವನು ಅವಳನ್ನು ನೋಡಿದ, ಮೇಕೆಯನ್ನು ನೋಡಿದ, ಏನೂ ಕೇಳಲಿಲ್ಲ. ಅವಳಿಗೆ ಏನು ಮಾಡಬೇಕೆಂದು ತೋಚದೆ “ಊಟ ಮಾಡ್ತೀಯಾ?” ಎಂದಳು. “ಬೇಡ, ತೊಂದ್ರೆ ಯಾಕೆ” ಎಂದ. ಎರಡನೆಯ ಸಲ ಕೇಳಿದಳು, ಬೇಡ ಎಂದ. ಆಮೇಲೆ, ತಾನೇನು ಮಾಡುತ್ತಿದ್ದೇನೆಂದು ತನಗೇ ತಿಳಿಯದೆ, ಮೂರನೆಯ ಸಲ ಕೇಳಿಬಿಟ್ಟಳು. “ಸರಿ” ಎಂದ ಅರ್ನ್‌ಫಿನ್. ಅವನು ಮೇಜಿನ ಬಳಿ ಕೂತ. ಒಬ್ಬ ನೆರೆಯವನನ್ನು ಪರಸ್ಥಳದವರ ಜೊತೆ ಒಂಟಿಯಾಗಿ ಬಿಡುವುದು ಚೆಂದವಲ್ಲವಾದ್ದರಿಂದ ಅವಳೂ ಕೂತಳು. ಅವನು ಬಾಯಿ ಬಿಡದ ಕಾರಣ ಮಾತನ್ನೂ ಅವಳೇ ಆಡಬೇಕಾಯಿತು. ಮೊದಲು ಮೇಕೆಗಳ ಬಗ್ಗೆ ಆಡಿದಳು, ಆಮೇಲೆ ಅತ್ತೆಯ ಬಗ್ಗೆ, ಆಮೇಲೆ ಅತ್ತೆಗೂ ಪಾದ್ರಿಗೂ ಬೆಣ್ಣೆಯ ವಿಷಯಕ್ಕೆ ಆದ ಜಗಳದ ಬಗ್ಗೆ. ಮೇಜಿನ ಸುತ್ತ ಜನ ನಗತೊಡಗಿದಾಗ ಅವಳು ಬೆಚ್ಚಿ ಬಿದ್ದು ಹಿಂದೆ ತಿರುಗಿ ನೋಡಿದಳಂತೆ, ಯಾರು ನಗಿಸಿದರೆಂದು.

ಹೊರಡುವಾಗ ಅರ್ನ್‌ಫಿನ್ ಹೇಳಿದ್ದು ಒಂದೇ ಮಾತು: “ಅಷ್ಟೇನೂ ಕೆಟ್ಟದಾಗಿರ್ಲಿಲ್ಲ.” ಈ ಸೀಮೆಯಲ್ಲಿ ಇದಕ್ಕಿಂತ ಮೇಲಿನ ಹೊಗಳಿಕೆ ಇಲ್ಲ. ಆ ವಾರವೆಲ್ಲ ಗುನ್ವೋರ್ ಹಾಲು ಕರೆಯುವಾಗಲೂ ಗುನುಗುತ್ತಿದ್ದಳು.

ಅಲ್ಲಿಂದ ಪ್ರತಿ ಶನಿವಾರ ಅವನು ಬಂದ. ಅವಳೂ ಬದಲಾದಳು. ಈಗ ಪೇಟೆಯಿಂದ ಬಂದವರಿಗೆ ಮೇಕೆಯ ಕೆಚ್ಚಲು ಹಿಡಿಯುವುದನ್ನು ಕಲಿಸುತ್ತಾಳೆ, ಬೆಣ್ಣೆ ಕಡೆಯಲು ಕೂರಿಸಿ ತೋಳು ಸೋತವರನ್ನು ಗೇಲಿ ಮಾಡುತ್ತಾಳೆ, ವಕೀಲರನ್ನೂ ವೈದ್ಯರನ್ನೂ ಗುಡ್ಡದ ಮೇಲೆ ನಿಲ್ಲಿಸಿ ಹಸುಗಳನ್ನು ಕೂಗಿ ಕರೆಯಲು ಹೇಳುತ್ತಾಳೆ. ಹಸುಗಳು ಅವರ ದನಿಗೆ ಬರುವುದಿಲ್ಲ. ಜನಕ್ಕೆ ಮಾತ್ರ ಖುಷಿಯೋ ಖುಷಿ. ಹೋಗುವಾಗ ಅಪ್ಪಿಕೊಳ್ಳುವವರೂ ಇದ್ದಾರೆ. ಅಪ್ಪಿಕೊಂಡಾಗ ಅವಳು ಸೌದೆಯ ಹಾಗೆ ನಿಂತುಬಿಡುತ್ತಾಳೆ, ಆದರೂ ಮುಖ ಕೆಂಪಗೆ ಹೊಳೆಯುತ್ತಿರುತ್ತದೆ. ಇಷ್ಟೆಲ್ಲ ಆದದ್ದು ಒಬ್ಬ ಮಾತಿಲ್ಲದವನು ಎದುರಿಗೆ ಕೂತಿದ್ದರಿಂದ. ಆ ಜಾಗ ಖಾಲಿಯಾದರೆ ತಾನು ಮತ್ತೆ ಕೊಟ್ಟಿಗೆಗೇ ಹೋಗುತ್ತೇನೆಂದು ಅವಳಿಗೆ ಖಂಡಿತವಾಗಿ ಅನ್ನಿಸಿತ್ತು.

ಶನಿವಾರ ಬಂತು. ಮನೆಯಲ್ಲಿ ನಾಲ್ವರು ಅತಿಥಿಗಳಿದ್ದರು. ಬರ್ಗನ್ನಿನಿಂದ ವೆಂಕೆ ಎಂಬ ದಪ್ಪ ದನಿಯ ಹೆಂಗಸು, ಅವಳ ಗಂಡ ಫ್ರಿಟ್ಯೋಫ್. ಬರ್ಗನ್ನಿನವರು ನಾಡಿನಲ್ಲೇ ಬಾಯಿಬಡಕರು. ವೆಂಕೆ ಅವರ ಪೈಕಿಯೂ ಮುಂದು. ಫ್ರಿಟ್ಯೋಫ್‌ಗೆ ಮಾತಿನ ಸರದಿ ಇಪ್ಪತ್ತೆಂಟು ವರ್ಷದಿಂದ ಬಂದಿರಲಿಲ್ಲ, ಅವನಿಗೆ ಅದರ ಬೇಸರವೂ ಇದ್ದಂತಿರಲಿಲ್ಲ. ಇನ್ನಿಬ್ಬರು ಓಸ್ಲೋದಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಡಂಗಳು, ಒಬ್ಬರು ಎತ್ತರ, ಒಬ್ಬರು ಗಿಡ್ಡ.

ಗುನ್ವೋರ್ ಬೆಳಗಿನಿಂದ ಲೆಫ್ಸೆ ಮಾಡುತ್ತಿದ್ದಳು. ಆಲೂಗಡ್ಡೆ ಬೇಯಿಸಿ ಕಿವುಚಿ, ಹಿಟ್ಟು ಬೆರೆಸಿ, ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಬೇಯಿಸಿ, ಬೆಣ್ಣೆ ಸಕ್ಕರೆ ಸವರಿ ಮಡಿಸಿದರೆ ಲೆಫ್ಸೆ. ಹೋಳಿಗೆಯಷ್ಟು ಮೆತ್ತಗಿರುತ್ತದೆ. ತಲೆಗೆ ಎರಡರಂತೆ ಆರು ಜನಕ್ಕೆ ಹನ್ನೆರಡು ಸಾಕು. ಅವಳು ಯಾವಾಗಲೂ ಒಂದು ಹೆಚ್ಚು ಮಾಡುತ್ತಾಳೆ. ಆ ಹೆಚ್ಚಿನದಕ್ಕೆ ಬೆಣ್ಣೆಯೂ ಹೆಚ್ಚು. ಅದು ಯಾರಿಗೆಂದು ಅವಳು ಯಾರಿಗೂ ಹೇಳಿಲ್ಲ, ಅರ್ನ್‌ಫಿನ್‌ಗೂ ಹೇಳಿಲ್ಲ. ಆರು ಬೇಸಿಗೆಯಿಂದ ಅವನು ಅದನ್ನು ಮುಟ್ಟಿಯೂ ಇಲ್ಲ. ತನ್ನ ಪಾಲಿನ ಎರಡು ತಿಂದು, ತಟ್ಟೆಯಲ್ಲಿ ಉಳಿದ ಒಂದನ್ನು ನೋಡಿ, ಕಣ್ಣು ಬೇರೆ ಕಡೆ ತಿರುಗಿಸುತ್ತಾನೆ. ಎರಡಕ್ಕಿಂತ ಹೆಚ್ಚು ತಿನ್ನುವಷ್ಟು ರುಚಿಯಾಗಿಲ್ಲವೆಂದೇ ಅವಳು ತಿಳಿದಿದ್ದಳು.

ಇಲ್ಲಿ ಯಾರೂ ತಟ್ಟೆಯ ಕೊನೆಯ ತುಂಡು ತೆಗೆದುಕೊಳ್ಳುವುದಿಲ್ಲ, ಅದೂ ಇದೆ. ಹಸಿವಿದ್ದರೂ ಇಲ್ಲ, ಬಾಯಲ್ಲಿ ನೀರೂರಿದರೂ ಇಲ್ಲ. ಕೊನೆಯದಕ್ಕೆ ಕೈ ಹಾಕಿದವನಿಗಿಂತ ನಾಚಿಕೆಗೇಡಿ ಇಲ್ಲ. ತೀರಾ ಆಸೆಯಾದರೆ ಚಾಕು ತೆಗೆದು ಅದರಲ್ಲಿ ಅರ್ಧ ಕತ್ತರಿಸಿಕೊಳ್ಳಬಹುದು. ಆಗ ಉಳಿದರ್ಧ ಕೊನೆಯದಾಗುತ್ತದೆ, ಪಾಪ ಮುಂದಿನವರ ತಲೆಗೆ ಹೋಗುತ್ತದೆ. ಮದುವೆ ಮನೆಗಳಲ್ಲಿ ಉಗುರಿನಷ್ಟು ಕೇಕು ಮೂರು ದಿನ ಒಣಗಿದ್ದನ್ನು ಕಂಡವರಿದ್ದಾರೆ.

ನಾಲ್ಕೂವರೆಗೆ ಊಟಕ್ಕೆ ಕೂತರು. ಅರ್ನ್‌ಫಿನ್ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಗುನ್ವೋರಳ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಹೋಗುವವನು ಹಾಗೆ ಬರುತ್ತಾನೆ. ಗಂಜಿ ಬಡಿಸುತ್ತ ಅವಳು ಒಂದು ಬಟ್ಟಲಿಗೆ ಎರಡು ಸಲ ದಾಲ್ಚಿನ್ನಿ ಉದುರಿಸಿದಳು.

“ಏನ್ರೀ ಅರ್ನ್‌ಫಿನ್, ಯಾಕ್ರೀ ಹಾಗೆ ಸಪ್ಪಗಿದೀರಾ?” ಎಂದಳು ವೆಂಕೆ. “ಗಂಜಿ ಚೆನ್ನಾಗಿಲ್ವಾ?”

“ಅಷ್ಟೇನೂ ಕೆಟ್ಟದಾಗಿಲ್ಲ.”

“ಈ ಕಡೆಯವ್ರು ಹೊಗಳ್ತಾರೋ ಬೈತಾರೋ ನಂಗೆ ಮೂರು ದಿನದಿಂದ ಗೊತ್ತಾಗಿಲ್ಲ” ಎಂದು ವೆಂಕೆ ಗಂಡನಿಗೆ ಹೇಳಿದಳು. ಫ್ರಿಟ್ಯೋಫ್ ಚಮಚ ನೆಕ್ಕಿದ.

ಅರ್ನ್‌ಫಿನ್ ಆಗ ವಸ್ತುಸಂಗ್ರಹಾಲಯದ ವಿಚಾರ ಹೇಳಿದ. ಒಂದೊಂದೇ ವಾಕ್ಯ, ನಡುನಡುವೆ ಒಂದೊಂದು ಗುಟುಕು ಹಾಲು. ಆರರೊಳಗೆ ಫೋನ್ ಮಾಡಬೇಕೆಂದೂ ಹೇಳಿದ. ಫೋನಿಗೆ ಸಿಗ್ನಲ್ ಸಿಗುವುದು ಗುನ್ವೋರಳ ಮೇಕೆ ಕೊಟ್ಟಿಗೆಯ ಹಿಂದಿನ ಬಂಡೆಯ ಮೇಲೆ ಮಾತ್ರವಾದ್ದರಿಂದ, ಅವಳ ಅಭ್ಯಂತರವಿಲ್ಲದಿದ್ದರೆ ಅಲ್ಲಿಂದಲೇ ಮಾಡುವುದಾಗಿಯೂ ಹೇಳಿದ.

“ಅಭ್ಯಂತರ ಏನಿಲ್ಲ” ಎಂದಳು ಗುನ್ವೋರ್. ಹೇಳಿ, ತನ್ನ ಕಾಲನ್ನು ತಾನೇ ಮೇಜಿನ ಕೆಳಗೆ ತುಳಿದುಕೊಂಡಳು.

“ಚಲ್ಲಣ ಮೊಣಕಾಲಿಗೇ ನಿಲ್ಲುತ್ತಾ?” ವೆಂಕೆ ಬಗ್ಗಿ ಅವನ ಕಾಲು ನೋಡಿದಳು. “ಕಾಲು ತೋರಿಸ್ಬೇಕು ಅಂತ ಮೊದ್ಲೇ ಹೇಳಿದ್ರಾ ಅವ್ರು? ನೋಡಿ ಒಪ್ಪಿದ್ರಾ?”

“ನೋಡಿಲ್ಲ.”

“ಹಾಗಾದ್ರೆ ತಪ್ಪಿಸ್ಕೊಳ್ಳೋಕೆ ನಿಮಗಿನ್ನೂ ಅವಕಾಶ ಇದೆ ಬಿಡಿ.”

ಮೇಡಂಗಳಿಬ್ಬರೂ ಕೆಲಸ ಒಳ್ಳೆಯದೆಂದು ಒಪ್ಪಿದರು. ನಿವೃತ್ತಿ ವೇತನ ಬರುತ್ತದೆ, ಬೆಚ್ಚಗಿನ ಕೋಣೆ ಸಿಗುತ್ತದೆ. ಗುನ್ವೋರ್ ತಲೆಯಾಡಿಸಿದಳು. ತಲೆ ನಿಲ್ಲಿಸಲು ಆಗದೆ ಇನ್ನೂ ಸ್ವಲ್ಪ ಹೊತ್ತು ಆಡಿಸಿದಳು. ಗೋಡೆ ಗಡಿಯಾರ ಐದೂ ಹತ್ತು ತೋರಿಸುತ್ತಿತ್ತು. ಲೆಫ್ಸೆ ಬಂತು, ಹಂಚಿಹೋಯಿತು, ತಟ್ಟೆಯಲ್ಲಿ ಒಂದು ಉಳಿಯಿತು. ಹದಿಮೂರನೆಯದು, ಬೆಣ್ಣೆ ಅಂಚಿನಿಂದ ಸೋರುತ್ತ.

ಎಲ್ಲರಿಗೂ ಅದು ಬೇಕಾಗಿತ್ತೆನ್ನುವುದು ಕುರುಡನಿಗೂ ಕಾಣುವಂತಿತ್ತು. ಕೊನೆಗೆ ಎತ್ತರದ ಮೇಡಂ ಚಾಕು ಎತ್ತಿ ಅರ್ಧ ಕತ್ತರಿಸಿಕೊಂಡರು. ಗಿಡ್ಡ ಮೇಡಂ ಉಳಿದದ್ದರಲ್ಲಿ ಅರ್ಧ ಕತ್ತರಿಸಿಕೊಂಡರು. ಫ್ರಿಟ್ಯೋಫ್ ಹೆಂಡತಿಯ ಮುಖ ನೋಡಿ, ಅದರಲ್ಲಿ ಅರ್ಧ. ಚಾಕು ಅರ್ನ್‌ಫಿನ್‌ಗೆ ಬಂತು. ಅವನು ಆ ಚೂರನ್ನು ಬಹಳ ಹೊತ್ತು ನೋಡಿ, ದರ್ಜಿಯ ಹಾಗೆ ಅಳೆದು, ಅದರ ಅರ್ಧ ತೆಗೆದುಕೊಂಡು, ತಟ್ಟೆಯನ್ನು ಗುನ್ವೋರಳ ಕಡೆ ತಳ್ಳಿದ. ಅವಳು ಅರ್ಧ ಕತ್ತರಿಸಿ, ಉಳಿದದ್ದನ್ನು ಮತ್ತೆ ಅವನ ಕಡೆ ತಳ್ಳಿದಳು. ಅವನು ಇವಳ ಕಡೆ ತಳ್ಳಿದ. ತಟ್ಟೆ ಮೇಜಿನ ಮೇಲೆ ಎರಡು ಸಲ ಓಡಾಡಿತು.

“ಇದನ್ನೇನು ಮೂಗಿಗೇರಿಸೋದಾ?” ಎಂದಳು ವೆಂಕೆ. “ನಶ್ಯದಷ್ಟಿದೆ.”

“ಗಣಿತದ ಪ್ರಕಾರ ಇದು ಯಾವತ್ತೂ ಮುಗಿಯಲ್ಲ” ಎಂದರು ಗಿಡ್ಡ ಮೇಡಂ.

“ನಿಮ್ ಗಣಿತ ನಿಮ್ಹತ್ರಾನೇ ಇರ್ಲಿ. ಅರ್ನ್‌ಫಿನ್, ನೆಟ್ಟಗೆ ಉತ್ತರ ಹೇಳಿ. ನಿಮಗೆ ಇದು ಬೇಕಾಗಿತ್ತೋ ಇಲ್ವೋ?”

ಅರ್ನ್‌ಫಿನ್ ತಲೆ ಬಗ್ಗಿಸಿದ. ಈ ಬೆಟ್ಟದಲ್ಲಿ ಯಾರೂ ಯಾರನ್ನೂ ಹೀಗೆ ಕೇಳುವುದಿಲ್ಲ. ತೆರೆದ ಕಿಟಕಿಯಿಂದ ಮೇಕೆಗಳ ಗಂಟೆ ಕೇಳಿಸುತ್ತಿತ್ತು.

“ಬೇಕಾಗಿತ್ತು” ಎಂದ.

“ಮತ್ತೆ ತಗೊಳ್ಳೋಕೇನು ರೋಗ?”

“ಮಾಡಿದವ್ಳಿಗೆ ಇರ್ಲಿ ಅಂತ.” ಅವನ ಕಿವಿ ಕೆಂಪಾಗಿತ್ತು. “ಅವ್ಳು ಎಲ್ರಿಗೂ ಹಾಕ್ತಾ ಹಾಕ್ತಾ ತಾನು ಹೊಟ್ಟೆ ತುಂಬ ತಿನ್ನೋದೇ ಇಲ್ಲ. ಆರು ವರ್ಷದಿಂದ ನೋಡ್ತಿದೀನಿ. ಕೊನೇದು ಉಳಿಸಿದ್ರೆ ಆಮೇಲಾದ್ರೂ ತಿಂತಾಳೆ ಅಂತ ಬಿಡ್ತಿದ್ದೆ.”

ಗುನ್ವೋರಳಿಗೆ ತನ್ನ ದನಿ ಎಲ್ಲಿಂದಲೋ ಕೇಳಿಸಿತು. “ಅದು ನಿಂಗೆ ಅಂತ ಮಾಡ್ತಿದ್ದೆ.”

“ಯಾವ್ದು?”

“ಕೊನೇದು. ಪ್ರತಿ ಶನಿವಾರ. ನಿನಗೋಸ್ಕರ ಒಂದು ಜಾಸ್ತಿ. ನೀನು ಮುಟ್ತಾನೇ ಇರ್ಲಿಲ್ಲ. ರುಚಿ ಇಲ್ಲ ಅನ್ಕೊಂಡಿದ್ದೆ.”

ಅರ್ನ್‌ಫಿನ್ ತಲೆ ಎತ್ತಿದ. “ಹಾಗಾದ್ರೆ ಇಷ್ಟು ವರ್ಷ ಅದನ್ನ ತಿಂದವ್ರು ಯಾರು?”

“ಪೋಸ್ಟ್‌ಮಾಸ್ಟರ್.”

“ಎಲ್ಲಾನೂ?”

“ಎಲ್ಲಾನೂ.”

ಅರ್ನ್‌ಫಿನ್ ಕಿಟಕಿಯ ಕಡೆ ತಿರುಗಿದ. ಕಪ್ಪು ಕೊಂಬಿನ ಆ ಮೇಕೆ ಬೇಲಿಯ ಪಕ್ಕ ನಿಂತು, ಹೊಟ್ಟೆ ನೆಲಕ್ಕೆ ತಾಗುವಂತಿದ್ದು, ಯಾರದೋ ಕಾಲುಚೀಲ ಅಗಿಯುತ್ತಿತ್ತು. “ಅದಕ್ಕೇ ಮತ್ತೆ” ಎಂದ ಅವನು ನಿಧಾನವಾಗಿ, “ನನ್ನ ಮೇಕೆಗಳು ಅದರರ್ಧಾನೂ ಇಲ್ವಲ್ಲಾ ಅಂತ ನಾನು ಮೇವು ಬದಲಾಯಿಸಿದ್ದು ಮೂರ್ ಸಲ.”

ಗುನ್ವೋರಳಿಗೆ ನಗು ಬಂತು. ಮೊದಲು ಮೂಗಿನಲ್ಲಿ ಬಂತು, ತಡೆದಳು. ಆಮೇಲೆ ಭುಜಕ್ಕೆ ಇಳಿಯಿತು. ಆಮೇಲೆ ಮೇಜಿಗೆ ಎರಡೂ ಕೈ ಊರಿ ಬಿದ್ದು ಬಿದ್ದು ನಕ್ಕಳು. ಮೇಕೆಗೆ ಬೆಣ್ಣೆ ಲೆಫ್ಸೆ ತಿನ್ನಿಸಿಕೊಂಡು ಇಬ್ಬರು ಮುದುಕರು ಹಸಿದು ಕೂತದ್ದು ಕಣ್ಣ ಮುಂದೆ ಬಂದು ಮತ್ತೆ ನಕ್ಕಳು. ಎತ್ತರದ ಮೇಡಂ ನಕ್ಕ ಭರಕ್ಕೆ ಅವರ ಕನ್ನಡಕ ಗಂಜಿಯ ಪಾತ್ರೆಗೆ ಬಿತ್ತು. ಗಿಡ್ಡ ಮೇಡಂ ಅದನ್ನು ಚಮಚದಲ್ಲಿ ತೆಗೆದರು. ಅರ್ನ್‌ಫಿನ್ ನಗುವುದನ್ನು ಈ ಕಣಿವೆಯಲ್ಲಿ ಕಂಡವರು ಕಡಿಮೆ. ಅವನು ದನಿಯಿಲ್ಲದೆ ನಗುತ್ತಾನೆ, ಇಡೀ ಬೆಂಚು ನಡುಗುತ್ತದೆ. ಆ ನಡುಗುವ ಬೆಂಚಿನ ಮೇಲಿದ್ದ ಫ್ರಿಟ್ಯೋಫ್ “ಅಯ್ಯೋ ದೇವ್ರೇ, ಮೇಕೆಗೆ” ಎಂದ. ಅವನ ದನಿ ಕೇಳಿ ವೆಂಕೆಗೇ ಬೆರಗಾಯಿತು.

ಆ ನಗುವಿನಲ್ಲೇ ಗುನ್ವೋರ್ ಕೈ ಚಾಚಿ ತಟ್ಟೆಯ ಆ ನಶ್ಯದಷ್ಟು ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಕೊನೆಯದನ್ನು. ಎಲ್ಲರೂ ನೋಡುತ್ತಿದ್ದಂತೆ. ಮೇಡಂಗಳ ನಗು ನಿಂತಿತು. ನಾಲಿಗೆಯ ಮೇಲೆ ಬೆಣ್ಣೆ ಕರಗಿತು, ಸೂರು ಕುಸಿಯಲಿಲ್ಲ. ಅವಳಿಗೆ ತಲೆ ಹಗುರಾಗಿ, ಕುರ್ಚಿಯಿಂದ ಒಂದು ಗೇಣು ಮೇಲೆ ಕೂತಿರುವಂತೆ ಆಯಿತು. ಇಷ್ಟು ಮಾಡಿದವಳು ಇನ್ನಷ್ಟು ಮಾಡಿದರೇನು?

“ಹೋಗ್ಬೇಡ” ಎಂದಳು.



“ಯಾಕೆ?” ಎಂದ ಅರ್ನ್‌ಫಿನ್. ಅದು ಕೆಣಕುವ ಮಾತಾಗಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದ.

“ನೀನು ನಂಗೆ ಬೇಕು. ಶನಿವಾರ ಮಾತ್ರ ಅಲ್ಲ. ಮೊನ್ನೆ ಒಳ್ಳೇದಾಯ್ತು ಅಂದ್ನಲ್ಲ, ಅದು ಸುಳ್ಳು. ಒಂಚೂರೂ ಒಳ್ಳೇದಾಗಿಲ್ಲ.”

ಅರ್ನ್‌ಫಿನ್ ಎದ್ದು ನಿಂತ. ಗಡಿಯಾರ ನೋಡಿದ. ಆರಕ್ಕೆ ಇಪ್ಪತ್ತು ನಿಮಿಷವಿತ್ತು. ಟೋಪಿ ತೆಗೆದುಕೊಂಡು, ಬಾಗಿಲು ತೆರೆದು ಹೊರಗೆ ಹೋದ.

ಗುನ್ವೋರ್ ಕೂತಲ್ಲೇ ಕೂತಿದ್ದಳು. ಉಳಿದವರೆಲ್ಲ ಕಿಟಕಿಗೆ ಮುತ್ತಿಕೊಂಡರು. ಮರ್ಯಾದಸ್ಥ ಮೇಡಂಗಳು ಮರ್ಯಾದೆ ಬಿಟ್ಟು ಮೊದಲ ಸಾಲಿನಲ್ಲಿದ್ದರು.

“ಬಂಡೆ ಹತ್ತುತಾ ಇದಾನೆ” ಎಂದಳು ವೆಂಕೆ. ಅವಳ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು. “ಫೋನ್ ತೆಗ್ದ. ಕಿವಿಗಿಟ್ಕೊಂಡ. ಏನೋ ಹೇಳ್ತಿದಾನೆ. ತಲೆ ಆಡಿಸ್ತಿದಾನೆ.”

“ಹೇಗೆ? ಮೇಲೆ ಕೆಳಗಾ, ಆ ಕಡೆ ಈ ಕಡೆಗಾ?” ಎಂದರು ಗಿಡ್ಡ ಮೇಡಂ, ಅವರಿಗೆ ಕಿಟಕಿ ಎಟುಕುತ್ತಿರಲಿಲ್ಲ.

“ಎರಡೂ. ಥೂ, ಮೇಕೆ ಬಂದು ಅಂಗಿ ತೋಳು ಎಳೀತಾ ಇದೆ, ಅದಕ್ಕೆ ಆಡ್ತಿರ್ಬೇಕು.”

ಗುನ್ವೋರ್ ನೋಡಲಿಲ್ಲ. ಮೇಜಿನ ಮೇಲಿನ ಸಕ್ಕರೆ ಹರಳುಗಳನ್ನು ಬೆರಳಲ್ಲಿ ಒಟ್ಟು ಮಾಡುತ್ತಿದ್ದಳು. ಅವನು ಹೋಗುತ್ತಾನೆ, ಎಂದುಕೊಂಡಳು. ಹೋಗಲಿ. ಹೋದರೆ ಅಳುತ್ತೇನೆ, ದೊಡ್ಡದಾಗಿ ಅಳುತ್ತೇನೆ, ಆ ದಡಕ್ಕೆ ಕೇಳಿಸುವ ಹಾಗೆ. ಆದರೆ ಕೊಟ್ಟಿಗೆಗೆ ಹೋಗಿ ಕೂರುವುದಿಲ್ಲ. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಆಸೆ ಒಂದಿಷ್ಟೂ ಇಲ್ಲವೆಂದು ತಿಳಿದು ಅವಳಿಗೆ ಅಂಥ ಭಯದಲ್ಲೂ ಕಿಸಕ್ಕನೆ ನಗು ಬಂತು.

ಬೂಟಿನ ಸದ್ದಾಯಿತು. ಕಿಟಕಿಯಲ್ಲಿದ್ದವರೆಲ್ಲ ಗಡಬಡಿಸಿ ಓಡಿ ಬಂದು, ಸಿಕ್ಕ ಸಿಕ್ಕ ಜಾಗದಲ್ಲಿ ಕೂತು, ಖಾಲಿ ಬಟ್ಟಲಿನಿಂದ ಉಣ್ಣತೊಡಗಿದರು. ಅರ್ನ್‌ಫಿನ್ ಒಳಗೆ ಬಂದ. ಅವನ ಬಿಳಿ ಅಂಗಿಯ ಒಂದು ತೋಳು ಹರಿದು, ಮೇಕೆಯ ಎಂಜಲಿನಲ್ಲಿ ಒದ್ದೆಯಾಗಿತ್ತು. ತನ್ನ ಜಾಗದಲ್ಲಿ ಎತ್ತರದ ಮೇಡಂ ಕೂತಿದ್ದರಿಂದ ಅವನು ಗುನ್ವೋರಳ ಪಕ್ಕದ ಕುರ್ಚಿಯಲ್ಲೇ ಕೂತ.

“ಬರಲ್ಲ ಅಂದೆ” ಎಂದ. “ಯಾಕೆ ಅಂತ ಕೇಳಿದ್ರು.”

“ಏನಂದೆ?”

“ಇಲ್ಲಿ ನಾನು ಬೇಕಂತೆ ಅಂದೆ.” ಒದ್ದೆ ತೋಳು ಹಿಂಡುತ್ತ, “ಮೂರ್ ಸಲ ಅಂದೆ. ಸಿಗ್ನಲ್ ಸರಿಯಾಗಿ ಸಿಗ್ತಿರ್ಲಿಲ್ಲ. ಕೊನೇ ಸಲ ಕೂಗಿ ಅಂದೆ” ಎಂದ.

ವೆಂಕೆ ಸೆರಗಿಲ್ಲದ ನಾಡಿನವಳು, ಮೇಜಿನ ಬಟ್ಟೆಯ ತುದಿಯಲ್ಲೇ ಮೂಗು ಒರೆಸಿಕೊಂಡಳು. ಅರ್ನ್‌ಫಿನ್ ಖಾಲಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಗುನ್ವೋರಳ ಮುಖ ನೋಡಿದ. ಇಷ್ಟು ವರ್ಷದಲ್ಲಿ ಅವನು ಇಷ್ಟು ಹೊತ್ತು ಯಾರ ಮುಖವನ್ನೂ ನೋಡಿರಲಿಲ್ಲ.

“ಇನ್ನೂ ಹಸಿವಾಗ್ತಿದೆ ನಂಗೆ” ಎಂದ. “ಲೆಫ್ಸೆ ಮಾಡ್ಕೊಡ್ತೀಯಾ?”

ಹಾಗೆ ಬಾಯಿ ಬಿಟ್ಟು ಊಟ ಕೇಳಿದ ಗಂಡಸನ್ನು ಗುನ್ವೋರ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವಳು ಎದ್ದು, ಒಲೆಗೆ ಎರಡು ಕೊರಡು ಹಾಕಿ, ಕಾವಲಿ ಇಟ್ಟು, ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದಳು.

“ಎಷ್ಟು ಬೇಕು?”

“ಸಾಕು ಅನ್ನೋ ತನಕ ಹಾಕು” ಎಂದ ಅರ್ನ್‌ಫಿನ್. “ಅಂತೀನೋ ಇಲ್ವೋ ಗೊತ್ತಿಲ್ಲ.”